ಭುಜದ ಪಟ್ಟಿಗೆ ಗ್ಯಾರಂಟಿ ಎಲ್ಲಿ ಮಾರಾಯ್ರೆ?

ಬಲ್ಮಠ: ಮೊನ್ನೆ ಸಂಜೆ ಐದೂವರೆಗೆ ಇಲ್ಲಿನ ಜೆರಾಕ್ಸ್ ಅಂಗಡಿಯೊಂದರಲ್ಲಿ ಎಂದಿನ ಗೌಜಿ. ಕಾಲೇಜು ಹುಡುಗಿಯರ ನೋಟ್ಸು, ಆಧಾರ್ ಕಾರ್ಡು, ಜಾಗದ ಆರ್‌ಟಿಸಿ ಅಂತ ಸಾಲು ಬೆಳೆದಿತ್ತು. ಆ ಸಾಲಿನಲ್ಲಿ ನಿಂತಿದ್ದ ಯುವಕನೊಬ್ಬ ಕೌಂಟರಿನ ಮೇಲೆ ಉದ್ದನೆಯ ರಟ್ಟಿನ ಪುಸ್ತಕವೊಂದನ್ನು ಇಟ್ಟು, "ಎಲ್ಲಾ ಪೇಜೂ ಬೇಕು. ಅಂಚು ಕಟ್ ಆಗಬಾರದು" ಅಂದ.

ಅಂಗಡಿಯವನಿಗೆ ಕುತೂಹಲ. "ಎಂತ ಇದು, ದಿನಸಿ ಅಂಗಡಿ ಲೆಕ್ಕವಾ?"

"ಲಾಗ್ ಬುಕ್. ವಿಮಾನ ಓಡಿಸಿದ್ದರ ಲೆಕ್ಕ."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಈ ವರದಿಗಾರನೂ ನೋಡಿದ. ಹವಾಯಿ ಚಪ್ಪಲಿ ಹಾಕಿಕೊಂಡು ಜೆರಾಕ್ಸಿಗೆ ನಿಂತ ಪೈಲಟ್‌ನನ್ನು ಬಲ್ಮಠದಲ್ಲಿ ನಾವೇನು ದಿನಾ ಕಾಣುತ್ತೇವೆಯೇ? ಪಕ್ಕದಲ್ಲಿ ನಿಂತಿದ್ದವರು ಆತನ ತಂದೆ, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮಾತಿಗೆ ಮಾತು ಬೆಳೆದು, ಎದುರಿನ ಹೋಟೆಲಿನಲ್ಲಿ ಮೂರು ಚಹಾ ಮುಗಿಯುವ ಹೊತ್ತಿಗೆ ವಿಷಯ ಇಷ್ಟು ಎಂದು ತಿಳಿದು ಬಂತು.

ಹುಡುಗ ಸಣ್ಣ ವಿಮಾನದ ಕೋ-ಪೈಲಟ್. ನಮ್ಮ ಜನ 'ಫ್ಯಾನಿನ ವಿಮಾನ' ಅನ್ನುತ್ತಾರಲ್ಲ, ಎಪ್ಪತ್ತು ಸೀಟಿನದ್ದು, ಅದು. ಬಾಡಿಗೆಗೆ ತಂದ ಆ ವಿಮಾನಗಳನ್ನು ಕಂಪೆನಿಯವರು ಒಂದೊಂದಾಗಿ ಮಾಲೀಕರಿಗೆ ವಾಪಸು ಮಾಡುತ್ತಿದ್ದಾರೆ. ಆತನ ಕಂಟ್ರಾಕ್ಟು ನವೀಕರಣಕ್ಕೆ ಬಂದಿದೆ. ಬೇಡ ಅಂತ ಹೇಳಿಲ್ಲ, ಬೇಕು ಅಂತಲೂ ಹೇಳಿಲ್ಲ. ಎರಡು ತಿಂಗಳಿಂದ "ಕಾಯಿರಿ" ಎಂಬ ಒಂದೇ ಮಾತು. ಕಾಯುವವರಿಗೆ ಹಾರಾಟ ಇಲ್ಲ. ಹಾರಾಟ ಇಲ್ಲದ ಮೇಲೆ ಗಂಟೆ ಲೆಕ್ಕದ ಭತ್ಯೆಯೂ ಇಲ್ಲ. ಊರಲ್ಲಿ ಅಜ್ಜನ ಕಾಲದ ಅಡಿಕೆ ತೋಟ ಮಾತ್ರ ಬ್ಯಾಂಕಿನಲ್ಲಿ ಅಡವು ಇದೆ, ಅದರ ಕಂತಿಗೆ ಕಾಯುವ ಅಭ್ಯಾಸ ಇಲ್ಲ!

ಕಂಪೆನಿಯ ಹೆಸರು ಬರೆಯಬೇಡಿ ಅಂದರು. ಬರೆಯುವುದಿಲ್ಲ. ಯಾವ ಹೆಸರು ಹಾಕಿದರೂ ಕಥೆ ಹೆಚ್ಚು ಕಡಿಮೆ ಇದೇ ಆಗಿರುವಾಗ ಹೆಸರಿನ ಹಂಗು ಯಾಕೆ?

ಲೈಸೆನ್ಸಿನ ಒಳಗುಟ್ಟು

"ಒಂದು ಕಂಪೆನಿ ಹೋದರೆ ಇನ್ನೊಂದು. ಪೈಲಟ್‌ಗೆ ಕೆಲಸಕ್ಕೆ ಬರವಾ?" ಅಂತ ನಾನೂ ಕೇಳಿದೆ. ಹುಡುಗ ನಕ್ಕ. ಆ ನಗೆಯ ಅರ್ಥ ಆಗಬೇಕಾದರೆ ಸ್ವಲ್ಪ ಲೈಸೆನ್ಸಿನ ಸಂಗತಿ ಹೇಳಬೇಕು.

ನಮ್ಮ ಸಿಟಿ ಬಸ್ಸಿನ ಡ್ರೈವರಣ್ಣ ಇವತ್ತು ಟಾಟಾ, ನಾಳೆ ಲೇಲ್ಯಾಂಡ್ ಓಡಿಸುತ್ತಾನೆ. ಧಣಿಗಳ ಜೊತೆ ಜಗಳ ಆಯಿತೋ, ಕೀಲಿಕೈ ಕೊಟ್ಟು ಮರುದಿನ ಇನ್ನೊಂದು ನಂಬರಿನ ಬಸ್ಸು ಹತ್ತುತ್ತಾನೆ. ಪೈಲಟ್‌ಗೆ ಆ ಸ್ವಾತಂತ್ರ್ಯ ಇಲ್ಲ ಸ್ವಾಮಿ. ಆತನ ಲೈಸೆನ್ಸಿನ ಮೇಲೆ ಯಾವ ಜಾತಿಯ ವಿಮಾನ ಎಂದು ಬರೆದಿರುತ್ತದೆ. ಎಟಿಆರ್ ಎಂದಿದ್ದರೆ ಎಟಿಆರ್ ಮಾತ್ರ. ಏರ್‌ಬಸ್ 320 ಓಡಿಸಬೇಕೆಂದರೆ ಮತ್ತೆ ಶಾಲೆಗೆ ಹೋಗಬೇಕು, ಸಿಮ್ಯುಲೇಟರ್ ಎಂಬ ನಕಲಿ ವಿಮಾನದೊಳಗೆ ಕೂತು ಪರೀಕ್ಷೆ ಪಾಸಾಗಬೇಕು. ಇದಕ್ಕೆ 'ಟೈಪ್ ರೇಟಿಂಗ್' ಎಂದು ಹೆಸರು. ಕಂಪೆನಿಯೇ ಖರ್ಚು ಹಾಕಿದರೆ ಇಷ್ಟು ವರ್ಷ ಬಿಟ್ಟು ಹೋಗಬಾರದು ಎಂದು ಬಾಂಡು ಬರೆಸಿಕೊಳ್ಳುತ್ತದೆ. ಸ್ವಂತ ಕೈಯಿಂದ ಮಾಡಿಸಿಕೊಂಡರೆ ಹತ್ತಿಪ್ಪತ್ತು ಲಕ್ಷ ರೂಪಾಯಿ ಹೋದ ಹಾಗೆಯೇ.

ಅದಕ್ಕಿಂತ ಮೊದಲು ಖರ್ಚಾದದ್ದು ಬೇರೆ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಪಾಸಾಗಿರಬೇಕು. (ಈ ವರದಿಗಾರ ಪಿಯುಸಿಯನ್ನು ಅರ್ಧಕ್ಕೆ ಬಿಟ್ಟವನು, ಆದ್ದರಿಂದ ನಮ್ಮ ಮನೆಯ ತೋಟ ಬಚಾವು!) ಆಮೇಲೆ 200 ಗಂಟೆಗಳ ಹಾರಾಟ, ಡಿಜಿಸಿಎಯವರ ಪರೀಕ್ಷೆಗಳು. ಜಕ್ಕೂರಿನ ಸರಕಾರಿ ಶಾಲೆಯೇ ಇರಲಿ, ಪರದೇಶದ ಶಾಲೆಯೇ ಇರಲಿ, ಕಮರ್ಷಿಯಲ್ ಲೈಸೆನ್ಸು ಕೈಗೆ ಬರುವಾಗ ಐವತ್ತು ಲಕ್ಷದ ಆಸುಪಾಸು ಮುಗಿದಿರುತ್ತದೆ ಎಂಬುದು ಈ ರಂಗದ ಬಲ್ಲವರ ಲೆಕ್ಕ.

ಇಷ್ಟಾದ ಮೇಲೂ ಈ ಲೈಸೆನ್ಸು ಅಟ್ಟದ ಮೇಲಿಟ್ಟ ತಾಮ್ರದ ಹಂಡೆಯಂತಲ್ಲ, ಹತ್ತು ವರ್ಷ ಕಳೆದು ಇಳಿಸಿ ಹುಣಿಸೆಹುಳಿ ಹಾಕಿ ಉಜ್ಜಿದರೆ ಹೊಳೆಯುವುದಕ್ಕೆ. ಕಳೆದ 90 ದಿನಗಳಲ್ಲಿ ಮೂರು ಸಲ ಏರಿ ಇಳಿದಿರಬೇಕು. ಇಲ್ಲದಿದ್ದರೆ ಪ್ರಯಾಣಿಕರನ್ನು ಕೂರಿಸಿಕೊಂಡು ಹೊರಡುವ ಹಾಗಿಲ್ಲ. ವರ್ಷಕ್ಕೆ ಎರಡು ಸಲ ಸಿಮ್ಯುಲೇಟರಿನಲ್ಲಿ ಪರೀಕ್ಷೆ. ಅವಧಿಗೆ ಸರಿಯಾಗಿ ವೈದ್ಯಕೀಯ ತಪಾಸಣೆ ಬೇರೆ. ಕೆಲಸ ಹೋಗಿ ಮನೆಯಲ್ಲಿ ಕೂತವನಿಗೆ ಇದನ್ನೆಲ್ಲ ಯಾರು ಮಾಡಿಸುತ್ತಾರೆ?

ನಮ್ಮ ಹುಡುಗನ ಪುಸ್ತಕದಲ್ಲಿ ಒಟ್ಟು 1,380 ಗಂಟೆ ಇದೆ. ಕ್ಯಾಪ್ಟನ್ ಆಗಲು ಬೇಕಾದ ದೊಡ್ಡ ಲೈಸೆನ್ಸಿಗೆ 1,500 ಗಂಟೆ ಬೇಕು. ಅಂದರೆ ಉಳಿದದ್ದು 120. ಹಾರಾಟ ಸರಿ ಇದ್ದರೆ ಎರಡು ತಿಂಗಳ ಕೆಲಸ. "ಮಗನಿಗೆ ಬಾಕಿ ಇರುವುದು 120 ಗಂಟೆ, ನನಗೆ ಬಾಕಿ ಇರುವುದು 41 ಕಂತು" ಅಂದರು ತಂದೆ. ಬ್ಯಾಂಕಿನಲ್ಲಿ ಸವೆದ ಜೀವ ನೋಡಿ, ಲೆಕ್ಕ ತಪ್ಪುವುದಿಲ್ಲ.

ಬಜ್ಪೆಗೆ ಬಂದವರು, ಹೋದವರು

ಮಂಗಳೂರಿನವರಿಗೆ ವಿಮಾನ ಹೊಸತಲ್ಲ. ಬಜ್ಪೆಯಲ್ಲಿ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ರಂದು, ಪ್ರಧಾನಿ ನೆಹರೂ ಅವರ ಡಕೋಟ ಇಳಿದಾಗ. ಆಮೇಲೆ ಬಹಳ ಕಾಲ ಇಲ್ಲಿಗೆ ಇಂಡಿಯನ್ ಏರ್‌ಲೈನ್ಸ್ ಒಂದೇ. 1981ರ ಆಗಸ್ಟ್ 19ರಂದು ಅದರ ಆವ್ರೊ ವಿಮಾನ ರನ್‌ವೇ ದಾಟಿ ಮುಂದೆ ಹೋಗಿ ನಿಂತದ್ದನ್ನು, ಪುಣ್ಯಕ್ಕೆ ಎಲ್ಲರೂ ಬದುಕಿದ್ದನ್ನು ಹಳಬರು ಈಗಲೂ ಹೇಳುತ್ತಾರೆ. ಆ ಕಾಲದ ಪೈಲಟ್ ಎಂದರೆ ಸರಕಾರಿ ನೌಕರಿ, ಪಿಂಚಣಿ ವಯಸ್ಸಿನವರೆಗೆ ಚಿಂತೆ ಇಲ್ಲ. ಮದುವೆ ದಲ್ಲಾಳಿಗಳ ಚೀಟಿಯಲ್ಲಿ ಡಾಕ್ಟರನಿಗಿಂತ ಒಂದು ಮೆಟ್ಟಿಲು ಮೇಲೆ!

2003ರಲ್ಲಿ ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿ ಫ್ಯಾನಿನ ವಿಮಾನಗಳನ್ನು ಸಣ್ಣ ಊರುಗಳಿಗೆ ಹಾರಿಸಿದ ಮೇಲೆ ಲೆಕ್ಕ ಬದಲಾಯಿತು. ಬೆಂಗಳೂರಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಾಡಿ ಹೋಗುತ್ತಿದ್ದವರು ಒಂದು ಗಂಟೆಯಲ್ಲಿ ಇಳಿದರು. ಪೈಲಟ್‌ಗಳಿಗೆ ಭರ್ಜರಿ ಬೇಡಿಕೆ ಬಂತು. ಇಲ್ಲಿನ ಎಷ್ಟೋ ಮನೆಗಳಲ್ಲಿ 'ಮಗ ಇಂಜಿನಿಯರ್' ಎಂಬ ಕನಸು ತೆಗೆದು 'ಮಗ ಪೈಲಟ್' ಎಂದು ಇಟ್ಟದ್ದು ಆಗಲೇ. ನಾಲ್ಕೇ ವರ್ಷ. 2007-08ರಲ್ಲಿ ಡೆಕ್ಕನ್ ಹೋಗಿ ಬಂಟ್ವಾಳ ಮೂಲದ ಮಲ್ಯರ ಕಿಂಗ್‌ಫಿಷರ್ ತೆಕ್ಕೆಗೆ ಬಿತ್ತು. 2012ರ ಅಕ್ಟೋಬರ್ 20ರಂದು ಕಿಂಗ್‌ಫಿಷರಿನ ಲೈಸೆನ್ಸೇ ಅಮಾನತು. ಅಷ್ಟು ಹೊತ್ತಿಗೆ ಪೈಲಟ್, ಇಂಜಿನಿಯರುಗಳ ಸಂಬಳ ತಿಂಗಳುಗಟ್ಟಲೆ ಬಾಕಿ ಇದ್ದು ಅವರು ಕೆಲಸ ನಿಲ್ಲಿಸಿ ಕೂತಿದ್ದರು.

ಜೆಟ್ ಏರ್‌ವೇಸ್ ಕಥೆ ಯಾರಿಗೆ ಗೊತ್ತಿಲ್ಲ? ಬಜ್ಪೆಯಿಂದ ಬೆಂಗಳೂರು, ಮುಂಬಯಿಗೆ ವರ್ಷಗಟ್ಟಲೆ ಹಾರಿದ ಕಂಪೆನಿ ಅದು. 2019ರ ಏಪ್ರಿಲ್ 17ರ ರಾತ್ರಿ ಕೊನೆಯ ಹಾರಾಟ. ಆ ಪೈಲಟ್‌ಗಳಲ್ಲಿ ಬೋಯಿಂಗ್ 737 ಓಡಿಸುವವರಿಗೆ ಬೇಗ ಕೆಲಸ ಸಿಕ್ಕಿತು. ಯಾಕೆಂದರೆ ಜೆಟ್ ಬಿಟ್ಟ ಅದೇ ವಿಮಾನಗಳನ್ನು ಸ್ಪೈಸ್‌ಜೆಟ್ ಬಾಡಿಗೆಗೆ ಎತ್ತಿಕೊಂಡಿತು. ವಿಮಾನದ ಹಿಂದೆಯೇ ಪೈಲಟ್‌ಗಳೂ ಹೋದರು, ಹಲವರು ಕಡಿಮೆ ಸಂಬಳಕ್ಕೆ. ಓದುಗರು ಇದನ್ನು ಗಮನಿಸಬೇಕು. ಕೆಲಸ ಕೊಡಿಸಿದ್ದು ಮನುಷ್ಯನ ಅನುಭವಕ್ಕಿಂತ ಹೆಚ್ಚಾಗಿ ಲೈಸೆನ್ಸಿನ ಮೇಲಿದ್ದ ವಿಮಾನದ ಹೆಸರು. ಬಾಕಿ ಸಂಬಳಕ್ಕೆ ಕೋರ್ಟು ಅಲೆದವರಿಗೆ 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಹೇಳಿದ್ದು, ಜೆಟ್ಟನ್ನು ಬರಖಾಸ್ತು ಮಾಡಿ ಇದ್ದಬದ್ದದ್ದನ್ನು ಮಾರಿ ಎಂದು.

ಆ ಸ್ಪೈಸ್‌ಜೆಟ್ಟೂ ಕ್ಯೂ-400 ಎಂಬ ಫ್ಯಾನಿನ ವಿಮಾನಗಳನ್ನು ಇಲ್ಲಿಗೆ ಹಾರಿಸಿತ್ತು. 2022ರ ಸೆಪ್ಟೆಂಬರಿನಲ್ಲಿ ಅದು ಸುಮಾರು 80 ಪೈಲಟ್‌ಗಳನ್ನು ಮೂರು ತಿಂಗಳ 'ಸಂಬಳವಿಲ್ಲದ ರಜೆ'ಗೆ ಕಳಿಸಿತು. ಅವರಲ್ಲಿ ಕ್ಯೂ-400ರವರೂ ಇದ್ದರು. ರಜೆ ಕೇಳಿದರೆ ಸಿಗದ ಕಾಲದಲ್ಲಿ ಕೇಳದೆಯೇ ಸಿಕ್ಕ ರಜೆ! ಅದೇ ವರ್ಷದ ಫೆಬ್ರವರಿಯಲ್ಲಿ ಬೀದರ್, ಬಳ್ಳಾರಿ ಕಡೆಯ ವಿದ್ಯಾನಗರಗಳಿಗೆ ಹಾರಿದ್ದ ಟ್ರೂಜೆಟ್ ನಿಂತು ಹೋಗಿತ್ತು. 'ಉಡಾನ್' ಯೋಜನೆಯಲ್ಲಿ ಸಣ್ಣ ಊರಿನ ಮಾರ್ಗಕ್ಕೆ ಸರಕಾರದ ನೆರವು ಸಿಗುವುದು ಮೂರು ವರ್ಷ. ಮಾರ್ಗಕ್ಕೇ ಮೂರು ವರ್ಷದ ಆಯುಷ್ಯ ಇರುವಾಗ ಆ ಮಾರ್ಗದಲ್ಲಿ ಹಾರುವವನಿಗೆ ಮೂವತ್ತು ವರ್ಷದ ನೌಕರಿ ಎಲ್ಲಿಂದ ಬರಬೇಕು?

ಬ್ಯಾಂಕಿನ ವಿಲೀನ, ವಿಮಾನದ ವಿಲೀನ

ಇಲ್ಲಿ ತಂದೆಯವರು ಬಾಯಿ ಹಾಕಿದರು. "ನಮ್ಮ ಬ್ಯಾಂಕೂ ವಿಲೀನ ಆಯ್ತಲ್ವಾ? ಬೋರ್ಡು ಬದಲಾಯ್ತು, ಪಾಸ್‌ಬುಕ್ಕಿನ ಬಣ್ಣ ಬದಲಾಯ್ತು, ನನ್ನ ಕುರ್ಚಿ ಅಲ್ಲೇ ಇತ್ತು. ಇವನಿಗೆ ಹಾಗೆ ಯಾಕಿಲ್ಲ?"

ಪ್ರಶ್ನೆ ಸರಿಯೇ. ಬ್ಯಾಂಕುಗಳ ತವರು ನಮ್ಮ ಜಿಲ್ಲೆ. 1931ರಲ್ಲಿ ಇಲ್ಲೇ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬರೋಡಾದ ಪಾಲಾಯಿತು. ಮರುವರ್ಷ ಅದೇ ತಾರೀಕಿಗೆ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ, ಸಿಂಡಿಕೇಟ್ ಕೆನರಾ ಬ್ಯಾಂಕಿನೊಳಗೆ. ಹೆಸರು ಹೋದ ನೋವು ನಮಗೆಲ್ಲ ಇದೆ, ವರ್ಗಾವಣೆಯ ಕಿರಿಕಿರಿ ಇತ್ತು. ಆದರೆ ಒಂದು ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುತ್ತಿದ್ದ ಗುಮಾಸ್ತ ಇನ್ನೊಂದರಲ್ಲೂ ಅದನ್ನೇ ನೋಡಬಹುದು, ಎರಡು ದಿನ ಕಂಪ್ಯೂಟರ್ ಕಲಿತರಾಯಿತು. ವಿಮಾನ ಕಂಪೆನಿ ವಿಲೀನವಾದರೆ ಒಬ್ಬನದ್ದು ಬೋಯಿಂಗ್, ಇನ್ನೊಬ್ಬನದ್ದು ಏರ್‌ಬಸ್. ಒಬ್ಬನ ಕಂಟ್ರಾಕ್ಟು ಒಂದು ನಮೂನೆ, ಇನ್ನೊಬ್ಬನದ್ದು ಇನ್ನೊಂದು. ಯಾರು ಯಾರಿಗೆ ಸೀನಿಯರ್? ಯಾರಿಗೆ ಮೊದಲು ಕ್ಯಾಪ್ಟನ್ ಕುರ್ಚಿ? ಹೊಸ ವಿಮಾನ ಬಂದರೆ ತರಬೇತಿಗೆ ಮೊದಲು ಹೋಗುವವರು ಯಾರು?

ಇದು ಹೊಸ ಜಗಳವೂ ಅಲ್ಲ. 2007ರಲ್ಲಿ ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್ ಒಂದಾದವು. ಹೊಸ ಬೋಯಿಂಗ್ 787ರ ತರಬೇತಿಗೆ ಇಂಡಿಯನ್ ಏರ್‌ಲೈನ್ಸಿನವರನ್ನೂ ಕಳಿಸುತ್ತಾರೆ ಎಂದು ಏರ್ ಇಂಡಿಯಾ ಕಡೆಯ ಪೈಲಟ್‌ಗಳು 2012ರ ಮೇ ತಿಂಗಳಲ್ಲಿ ಮುಷ್ಕರ ಹೂಡಿದರು. ನಡೆದದ್ದು 58 ದಿನ! ನೂರಕ್ಕೂ ಹೆಚ್ಚು ಮಂದಿಯನ್ನು ವಜಾ ಮಾಡಿದರು. ಅಣ್ಣತಮ್ಮಂದಿರು ಒಂದು ವಿಮಾನಕ್ಕಾಗಿ ಕಚ್ಚಾಡಿದ ಹಾಗೆ ಹೊರಗಿನವರಿಗೆ ಕಂಡಿತು. ಆದರೆ ಆ ವಿಮಾನದ ಮೇಲೆ ಕೂತವನಿಗೆ ಮುಂದಿನ ಇಪ್ಪತ್ತು ವರ್ಷ ಭದ್ರ, ಕೆಳಗೆ ನಿಂತವನಿಗೆ ಇಲ್ಲ ಎಂಬುದು ಒಳಗಿನವರಿಗೆ ಗೊತ್ತಿತ್ತು.

2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಕೈಗೆ ಬಂದ ಮೇಲೆ ಮತ್ತೆ ಅದೇ ಪರ್ವ. ನಾಲ್ಕು ಕಂಪೆನಿಗಳನ್ನು ಎರಡು ಮಾಡಿದರು. ನಮ್ಮ ಗಲ್ಫ್ ಪ್ರಯಾಣಿಕರ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಹುಟ್ಟಿನಿಂದ ಬೋಯಿಂಗ್ ಮನೆತನ. ಬೆಂಗಳೂರಿನ ಏರ್ ಏಷ್ಯಾ ಇಂಡಿಯಾ ಏರ್‌ಬಸ್ ಮನೆತನ. ಈ ಸಂಬಂಧ ಕುದುರಿ ಪೂರ್ತಿ ವಿಲೀನ ಆದದ್ದು 2024ರ ಅಕ್ಟೋಬರ್ 1ರಂದು. ನಡುವೆ ಮೇ ತಿಂಗಳಲ್ಲಿ ಗಗನಸಖಿಯರು, ಸಖರು ಒಟ್ಟಿಗೇ 'ಸೌಖ್ಯವಿಲ್ಲ' ಎಂದು ರಜೆ ಹಾಕಿ, ಗಲ್ಫಿಗೆ ಹೊರಟವರು ಪೆಟ್ಟಿಗೆ ಹಿಡಿದು ನಿಂತದ್ದು ನೆನಪಿರಬಹುದು.

ಅದಕ್ಕೂ ಒಂದು ತಿಂಗಳು ಮೊದಲು ವಿಸ್ತಾರಾದಲ್ಲಿ ಪೈಲಟ್‌ಗಳ ಸರದಿ. ಅವರ ತಕರಾರು ಕೇಳಲು ಸಣ್ಣದು. ಹಳೆ ಕಂಟ್ರಾಕ್ಟಿನಲ್ಲಿ ಹಾರಲಿ ಬಿಡಲಿ, ತಿಂಗಳಿಗೆ 70 ಗಂಟೆಯ ಹಣ ಖಾತ್ರಿ. ವಿಲೀನಕ್ಕೆಂದು ತಂದ ಹೊಸದರಲ್ಲಿ ಖಾತ್ರಿ 40 ಗಂಟೆಗೆ. ಉಳಿದದ್ದು ಹಾರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾರುವುದು ಬಿಡುವುದು ಪೈಲಟ್ ಕೈಯಲ್ಲಿ ಇದೆಯೇ? ಪಟ್ಟಿ ಹಾಕುವುದು ಕಂಪೆನಿ. ಬೀಡಿ ಕಟ್ಟುವವರಿಗೆ ಎಲೆ ಕೊಡದೆ, 'ಕಟ್ಟಿದಷ್ಟಕ್ಕೆ ಮಜೂರಿ' ಅಂದ ಹಾಗೆ!

ಬಿಡಲಿಕ್ಕೂ ಇಲ್ಲ, ಹಿಡಿಯಲಿಕ್ಕೂ ಇಲ್ಲ

"ಸರಿ ಇಲ್ಲದಿದ್ದರೆ ಬಿಟ್ಟು ಬನ್ನಿ" ಅನ್ನುವುದೂ ಸುಲಭವಲ್ಲ. 2017ರಲ್ಲಿ ಡಿಜಿಸಿಎ ಮಾಡಿದ ನಿಯಮದ ಪ್ರಕಾರ ಕ್ಯಾಪ್ಟನ್ ಕೆಲಸ ಬಿಡಬೇಕಾದರೆ ಒಂದು ವರ್ಷದ ನೋಟೀಸು ಕೊಡಬೇಕು, ಕೋ-ಪೈಲಟ್ ಆರು ತಿಂಗಳದ್ದು. ಪ್ರಯಾಣಿಕರಿಗೆ ತೊಂದರೆ ಆಗಬಾರದು ಎಂಬುದು ಕಾರಣ. 2023ರಲ್ಲಿ ಆಕಾಸಾ ಕಂಪೆನಿಯ 43 ಪೈಲಟ್‌ಗಳು ನೋಟೀಸು ಅವಧಿ ಮುಗಿಸದೆ ಹೊರಟಾಗ ಕಂಪೆನಿ ಕೋರ್ಟಿಗೆ ಹೋಯಿತು. ಕಂಪೆನಿಯ ಕಷ್ಟವೂ ಸುಳ್ಳಲ್ಲ, ಟಿಕೇಟು ಮಾರಿದ ಮೇಲೆ ವಿಮಾನ ಹೊರಡಬೇಕಲ್ಲ.

ಇನ್ನೊಂದು ಕಡೆ ನೋಡಿ. ಕೊರೊನಾ ಕಾಲದಲ್ಲಿ, 2020ರ ಆಗಸ್ಟಿನಲ್ಲಿ, ಆಗ ಸರಕಾರದ್ದೇ ಆಗಿದ್ದ ಏರ್ ಇಂಡಿಯಾ ಸುಮಾರು 48 ಪೈಲಟ್‌ಗಳನ್ನು ಮನೆಗೆ ಕಳಿಸಿತು. ಅವರು ಹಿಂದೆ ರಾಜೀನಾಮೆ ಕೊಟ್ಟು ಆಮೇಲೆ ಹಿಂದಕ್ಕೆ ಪಡೆದಿದ್ದವರು. ಹಳೆ ರಾಜೀನಾಮೆಯನ್ನೇ ಹೊರಗೆಳೆದು ಒಪ್ಪಿಕೊಂಡುಬಿಟ್ಟರು. 2021ರ ಜೂನ್ 1ರಂದು ದೆಹಲಿ ಹೈಕೋರ್ಟು ಅದನ್ನು ರದ್ದುಗೊಳಿಸಿ ಕೆಲಸಕ್ಕೆ ವಾಪಸು ತೆಗೆದುಕೊಳ್ಳಿ ಅಂದಿತು. ಕೋರ್ಟಿಗೆ ಹೋಗುವ ತಾಕತ್ತು ಇದ್ದವರಿಗೆ ನ್ಯಾಯ ಸಿಕ್ಕಿತು. ಎರಡು ವರ್ಷದ ಅನುಭವದ ಕೋ-ಪೈಲಟ್ ಹೀಗೆ ಕೋರ್ಟಿಗೆ ಹೋದರೆ ಮುಂದೆ ಯಾವ ಕಂಪೆನಿ ಕರೆದೀತು ಎಂಬ ಹೆದರಿಕೆ ಈ ಹುಡುಗನದ್ದು.

ಪತ್ರಿಕೆಗಳಲ್ಲಿ ಮಾತ್ರ 'ಪೈಲಟ್‌ಗಳ ಕೊರತೆ' ಎಂಬ ತಲೆಬರಹ. ಸುಳ್ಳೂ ಅಲ್ಲ. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೊ 500 ವಿಮಾನಗಳಿಗೆ ಆರ್ಡರು ಕೊಟ್ಟವು. ಆದರೆ ಕೊರತೆ ಇರುವುದು ಪಳಗಿದ ಕ್ಯಾಪ್ಟನ್‌ಗಳಿಗೆ. ಹೊಸ ಲೈಸೆನ್ಸು ಹಿಡಿದವರು, ಅಥವಾ ನಮ್ಮ ಹುಡುಗನ ಹಾಗೆ 'ಬೇರೆ ಜಾತಿಯ' ವಿಮಾನದವರು ಸಾಲಿನ ಕೊನೆಗೆ. ಮದುವೆ ಮನೆಯಲ್ಲಿ ಅಡುಗೆಯವರ ಕೊರತೆ ಇದ್ದರೆ ಬಡಿಸುವವನನ್ನು ಒಲೆಯ ಮುಂದೆ ಕೂರಿಸುತ್ತಾರೆಯೇ? ಬಡಿಸುವವನನ್ನು ಅಡುಗೆಯವನನ್ನಾಗಿ ಮಾಡುವ ಖರ್ಚು ಯಾರದ್ದು ಎಂಬುದೇ ಇಲ್ಲಿ ಜಗಳ. ಈಗ ಆ ಖರ್ಚು ಬಹುಪಾಲು ಬೀಳುವುದು ಬಡಿಸುವವನ ಅಪ್ಪನ ಮೇಲೆ.

ನಮಗೆ ಇದರಿಂದ ಎಂತ?

"ಲಕ್ಷಗಟ್ಟಲೆ ಸಂಬಳದವರಿಗೆ ನಾವ್ಯಾಕೆ ಅಳಬೇಕು?" ಎಂದು ಈ ಅಂಕಣದ ಓದುಗರು ಕೇಳಿಯೇ ಕೇಳುತ್ತಾರೆ. ನಾನೂ ಆ ಪಂಗಡದವನೇ. ಇಪ್ಪತ್ತು ವರ್ಷ ಹಾರಿ ಮನೆ ಕಟ್ಟಿದ ಕ್ಯಾಪ್ಟನ್ ಸಾಹೇಬರಿಗಾಗಿ ನನಗೆ ಕಣ್ಣೀರು ಬರುವುದಿಲ್ಲ. ಆದರೆ ಕಂಪೆನಿ ವಿಮಾನ ಬದಲಿಸುವುದು ಅದರ ಲಾಭಕ್ಕೆ. ಬದಲಿಸಿದ ನಷ್ಟವನ್ನು ಇಪ್ಪತ್ತಾರು ವರ್ಷದ ಹುಡುಗನ ತಲೆಗೆ ಕಟ್ಟುವುದು ಯಾವ ನ್ಯಾಯ? ಹೋಗುವಾಗ ಆರು ತಿಂಗಳ ನೋಟೀಸು ಕೊಡಬೇಕಾದವನಿಗೆ, ವಿಮಾನ ವಾಪಸು ಹೋಗುತ್ತದೆ ಎಂಬ ಸುದ್ದಿಯನ್ನು ಆರು ತಿಂಗಳು ಮೊದಲು ಹೇಳಲು ಏನು ಅಡ್ಡಿ?

ಇನ್ನೂ ಒಂದುಂಟು. ಹೇಳಲು ಬಾಯಿ ಬರುವುದಿಲ್ಲ, ಆದರೂ ಹೇಳಬೇಕು. 2010ರ ಮೇ 22ರ ಬೆಳಿಗ್ಗೆ ಕೆಂಜಾರಿನ ಕಣಿವೆಯಲ್ಲಿ 158 ಜೀವ ಹೋಯಿತು, ಬದುಕಿದವರು ಎಂಟೇ ಮಂದಿ. ದುಬೈಯಿಂದ ಬರುವಾಗ ಕ್ಯಾಪ್ಟನ್ ಬಹಳ ಹೊತ್ತು ನಿದ್ದೆಯಲ್ಲಿದ್ದರು, ನಿದ್ದೆಯ ಮಂಪರು ತಪ್ಪು ತೀರ್ಮಾನಕ್ಕೆ ಒಂದು ಕಾರಣ ಎಂದು ವಿಚಾರಣೆಯಲ್ಲಿ ಬಂತು. ಅದಕ್ಕೂ ನೌಕರಿಯ ಚಿಂತೆಗೂ ಗಂಟು ಹಾಕುವ ಕೆಲಸ ನಾನು ಮಾಡಲಾರೆ. ಆದರೆ ಪೈಲಟ್‌ನ ನಿದ್ದೆ ಆತನ ಖಾಸಗಿ ವಿಷಯ ಅಲ್ಲ ಎಂಬುದನ್ನು ಈ ಊರಿಗೆ ಯಾರೂ ಹೊಸತಾಗಿ ಕಲಿಸಬೇಕಿಲ್ಲ. ಪೈಲಟ್‌ಗಳಿಗೆ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿದ ನಿಯಮಕ್ಕೆ ತಯಾರಿ ಸಾಲದೆ 2025ರ ಡಿಸೆಂಬರಿನಲ್ಲಿ ಇಂಡಿಗೊದ ಸಾವಿರಾರು ಹಾರಾಟಗಳು ರದ್ದಾದಾಗ ಬೈದವರೆಲ್ಲ ಬೈದದ್ದು ಯಾರನ್ನು? ಕೌಂಟರಿನ ಹುಡುಗಿಯನ್ನು.

ಮಗನನ್ನೋ ಮಗಳನ್ನೋ ಪೈಲಟ್ ಮಾಡಲು ಹೊರಟ ಮನೆಯವರು ತೋಟದ ಪತ್ರ ಬ್ಯಾಂಕಿಗೆ ಕೊಡುವ ಮೊದಲು ಕೆಲವು ಪ್ರಶ್ನೆ ಕೇಳಬೇಕು. ಟೈಪ್ ರೇಟಿಂಗಿನ ಖರ್ಚು ಯಾರದ್ದು, ಬಾಂಡು ಎಷ್ಟು ವರ್ಷ, ಕಂಪೆನಿ ವಿಮಾನ ಬದಲಿಸಿದರೆ ಆ ಬಾಂಡು ಏನಾಗುತ್ತದೆ, ತಿಂಗಳಿಗೆ ಎಷ್ಟು ಗಂಟೆಯ ಹಣ ಖಾತ್ರಿ. ವಿಮಾನ ಕಂಪೆನಿಯದ್ದೋ ಬಾಡಿಗೆಯದ್ದೋ, ಬಾಡಿಗೆಯದ್ದಾದರೆ ಗಡು ಯಾವಾಗ. ಬಣ್ಣದ ಪುಸ್ತಕ ಹಿಡಿದು ಹೋಟೆಲಿನಲ್ಲಿ ಸೆಮಿನಾರು ಮಾಡುವ ತರಬೇತಿ ಶಾಲೆಯವರು ಇದನ್ನು ತಾವಾಗಿ ಹೇಳುವುದಿಲ್ಲ.

"ಇದನ್ನೆಲ್ಲ ಆಗ ಯಾರು ಹೇಳಿದ್ದಾರೆ ಮಾರಾಯ್ರೆ?" ಅಂದರು ತಂದೆ. "ಇವನ ಅಮ್ಮ ಮಾತ್ರ, ಬೇಡ, ಬಿ.ಕಾಂ. ಮಾಡ್ಲಿ ಅಂದಿದ್ದಳು."

ಜೆರಾಕ್ಸು ಮುಗಿದಿತ್ತು. ಅಂಗಡಿಯವ 164 ಪೇಜು ಎಣಿಸಿ, ಎರಡು ಕಡೆ ದಾರ ಹಾಕಿ ಕಟ್ಟಿ ಕೊಟ್ಟ. ಬೆಂಗಳೂರಿನಲ್ಲಿ ಇಂಟರ್‌ವ್ಯೂ ಇದೆ, ಏರ್‌ಬಸ್ ಕಂಪೆನಿಯೊಂದರದ್ದು. ತರಬೇತಿ ಖರ್ಚು ಅಭ್ಯರ್ಥಿಯದ್ದೇ, ಬಾಂಡು ಬೇರೆ.

"ಯಾವ ಫ್ಲೈಟು?" ಅಂತ ನಾನು ಕೇಳಿದೆ.

"ಸ್ಟಾಫ್ ಟಿಕೇಟು ನಿಂತಿದೆ ಸರ್. ಜ್ಯೋತಿಯಿಂದ ರಾತ್ರಿ ಹತ್ತರ ಬಸ್ಸು" ಅಂದ ಹುಡುಗ. ತಂದೆ ಕಟ್ಟನ್ನು ಮಳೆ ತಾಗದ ಹಾಗೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, "ಶಿರಾಡಿ ಘಾಟಿ ಬಂದ್ ಇಲ್ಲವಲ್ಲ, ಪೇಪರಿನವರು ನಿಮಗೆ ಗೊತ್ತಿರಬೇಕು" ಅಂದರು. ಇಲ್ಲ, ಓಪನ್ ಉಂಟು ಅಂದೆ.